ಛಾವಣಿ ತೆಗೆದರೆ ಹೋಗುವುದೇನು: ಮ್ಯಾಕ್ಲಾರೆನ್ 720ಎಸ್ ಸ್ಪೈಡರ್ ಕುರಿತ ಒಂದು ಉಪನ್ಯಾಸ

ಮೇಜಿನ ಮೇಲೆ ಎರಡು ರಟ್ಟಿನ ಕೊಳವೆಗಳಿವೆ. ಎರಡೂ ಊದುಬತ್ತಿಯ ದುಂಡು ಡಬ್ಬಿಗಳೇ, ತಳ ಮತ್ತು ಮುಚ್ಚಳ ಕಿತ್ತಿದೆ ಅಷ್ಟೆ. ಒಂದನ್ನು ಹಾಗೇ ಬಿಟ್ಟಿದೆ. ಇನ್ನೊಂದನ್ನು ಉದ್ದಕ್ಕೆ ಒಂದೇ ಗೆರೆಯಲ್ಲಿ ಬ್ಲೇಡಿನಿಂದ ಸೀಳಿದೆ. ಮುಂದಿನ ಸಾಲಿನವರು ಒದ್ದೆ ಬಟ್ಟೆ ಹಿಂಡುವ ಹಾಗೆ ಎರಡನ್ನೂ ತಿರುಚಿ ನೋಡಿ, ಆಮೇಲೆ ಹಿಂದಕ್ಕೆ ದಾಟಿಸಿ. ಸೀಳದ ಕೊಳವೆ ಜಗ್ಗುವುದಿಲ್ಲ. ಸೀಳಿದ್ದು ಎರಡು ಬೆರಳಿಗೇ ಸುತ್ತಿಕೊಳ್ಳುತ್ತದೆ. ರಟ್ಟು ಅದೇ, ತೂಕವೂ ಅದೇ. ಕೊಳವೆಯ ತ್ರಿಜ್ಯ 20 ಮಿ.ಮೀ., ರಟ್ಟಿನ ದಪ್ಪ 1 ಮಿ.ಮೀ. ಎಂದಿಟ್ಟುಕೊಂಡು ಸೂತ್ರ ಹಾಕಿದರೆ, ತಿರುಚುವಿಕೆಗೆ ಒಡ್ಡುವ ಬಿಗಿತನ ಸೀಳಿದ ಮೇಲೆ 1,200ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆ ಅನುಪಾತ ತ್ರಿಜ್ಯವನ್ನು ದಪ್ಪದಿಂದ ಭಾಗಿಸಿ, ವರ್ಗ ಮಾಡಿ, ಮೂರರಿಂದ ಗುಣಿಸಿದಷ್ಟು.

ಛಾವಣಿ ಇರುವ ಮಾಮೂಲಿ ಉಕ್ಕಿನ ಕಾರು ಹೆಚ್ಚುಕಡಿಮೆ ಆ ಸೀಳದ ಕೊಳವೆಯೇ. ನೆಲ, ಬದಿ, ಛಾವಣಿ ಎಲ್ಲ ಸೇರಿ ಸುತ್ತು ಮುಚ್ಚುತ್ತವೆ. ಛಾವಣಿ ಕತ್ತರಿಸಿದರೆ ಸುತ್ತು ಒಡೆಯುತ್ತದೆ. ಕಾರಿನಲ್ಲಿ ನೆಲ, ಅಡ್ಡಗೋಡೆ, ಕಂಬಗಳು ಉಳಿಯುವುದರಿಂದ 1,200 ಪಟ್ಟಿನ ಕುಸಿತವೇನೂ ಆಗುವುದಿಲ್ಲ. ಆದರೂ ಹೋದ ಬಿಗಿತನವನ್ನು ಮರಳಿ ತರಲು ಬಾಗಿಲ ಕೆಳಗಿನ ಹೊಸ್ತಿಲು ದಪ್ಪ ಮಾಡಬೇಕು, ನೆಲಕ್ಕೆ ಕತ್ತರಿಯಾಕಾರದ ಪಟ್ಟಿ ಹಾಕಬೇಕು, ಗಾಳಿಗಾಜಿನ ಕಂಬಕ್ಕೆ ಒಳಗೊಂದು ಕೊಳವೆ ಸೇರಿಸಬೇಕು. ಇಷ್ಟೆಲ್ಲ ಮಾಡುವಷ್ಟರಲ್ಲಿ ತೂಕ ಏರಿರುತ್ತದೆ. ಲ್ಯಾಂಬೊರ್ಗಿನಿ ಹುರಕಾನ್ ಕೂಪೆಯ (ಛಾವಣಿ ಸ್ಥಿರವಾಗಿರುವ ರೂಪದ) ಒಣ ತೂಕ 1,422 ಕೆ.ಜಿ., ಅದರ ಸ್ಪೈಡರ್ (ಛಾವಣಿ ತೆರೆಯುವ ರೂಪ) 1,542 ಕೆ.ಜಿ. ಆ 120 ಕೆ.ಜಿ.ಯಲ್ಲಿ ಬಟ್ಟೆ ಛಾವಣಿ, ಅದರ ಯಂತ್ರ, ಬಲಪಡಿಸಿದ ಭಾಗಗಳು ಎಲ್ಲ ಸೇರಿವೆ.

ಇವತ್ತು ನಾವು ಬಿಡಿಸಿ ನೋಡುವ ಕಾರಿನಲ್ಲಿ ಆ ಅಂತರ 49 ಕೆ.ಜಿ. 2018ರ ಡಿಸೆಂಬರಿನಲ್ಲಿ ಹೊರಬಂದ ಮ್ಯಾಕ್ಲಾರೆನ್ 720ಎಸ್ ಸ್ಪೈಡರ್, ಇಂಗ್ಲೆಂಡಿನ ವೋಕಿಂಗ್‌ನಲ್ಲಿ ತಯಾರಾದದ್ದು. ಕೂಪೆಯ ಕನಿಷ್ಠ ಒಣ ತೂಕ 1,283 ಕೆ.ಜಿ., ಸ್ಪೈಡರಿನದು 1,332. ಒಣ ತೂಕವೆಂದರೆ ಎಣ್ಣೆ, ನೀರು, ಪೆಟ್ರೋಲ್ ಇಲ್ಲದ್ದು. ಕಂಪನಿಗಳಿಗೆ ಪ್ರಿಯವಾದ ಲೆಕ್ಕ. ರಸ್ತೆಗಿಳಿಯುವ ಸ್ಥಿತಿಯಲ್ಲಿ ಈ ಕಾರು 1,468 ಕೆ.ಜಿ. ತೂಗುತ್ತದೆ. ಹೋಲಿಸುವಾಗ ಒಂದರ ಒಣ ತೂಕವನ್ನು ಇನ್ನೊಂದರ ಒದ್ದೆ ತೂಕದ ಪಕ್ಕ ಇಡಬೇಡಿ. ಹಾಗೆ ಇಟ್ಟೇ ಅಂತರ್ಜಾಲದ ಅರ್ಧ ಜಗಳಗಳು ಹುಟ್ಟುತ್ತವೆ.

ಕಡಿಮೆ ತೂಕದ ಗುಟ್ಟು ಕಾರ್ಬನ್ ಫೈಬರ್ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅದು ಅರ್ಧ ಉತ್ತರ. ಭಾರ ಹೊರುವ ಸುತ್ತನ್ನು ಎಲ್ಲಿ ಮುಚ್ಚಿದ್ದಾರೆ ಎಂಬುದು ಇನ್ನರ್ಧ.

1981ರಲ್ಲಿ ಜಾನ್ ಬರ್ನಾರ್ಡ್ ವಿನ್ಯಾಸದ ಮ್ಯಾಕ್ಲಾರೆನ್ ರೇಸ್ ಕಾರು ಎಂಪಿ4/1 ಫಾರ್ಮುಲಾ ಒನ್‌ಗೆ ಕಾರ್ಬನ್ ಮಾನೊಕಾಕ್, ಅಂದರೆ ಚಿಪ್ಪೇ ಭಾರ ಹೊರುವ ಚೌಕಟ್ಟು, ತಂದಿತು. ರೇಸ್ ಕಾರಿಗೆ ಛಾವಣಿಯೇ ಇಲ್ಲ. ಚಾಲಕ ಕೂರುವ ತೊಟ್ಟಿಯೇ ಎಲ್ಲ ಬಲವನ್ನೂ ಹೊರಬೇಕು. 2011ರ ಮ್ಯಾಕ್ಲಾರೆನ್ 12ಸಿ ಕಾರಿನ ಮಾನೊಸೆಲ್ ಅದೇ ಯೋಚನೆಯ ರಸ್ತೆರೂಪ: ಒಂದೇ ಅಚ್ಚಿನಲ್ಲಿ ಎರಕವಾದ, ಒಳಗೆ ಟೊಳ್ಳಿರುವ 75 ಕೆ.ಜಿ. ತೊಟ್ಟಿ. ಒಣ ಕಾರ್ಬನ್ ನೂಲಿನ ಹಾಸುಗಳನ್ನು ಉಕ್ಕಿನ ಅಚ್ಚಿನಲ್ಲಿ ಜೋಡಿಸಿ, ಅಚ್ಚು ಮುಚ್ಚಿ, ಒತ್ತಡದಲ್ಲಿ ರಾಳ ತುಂಬಿ, ಕಾಯಿಸಿ ಗಟ್ಟಿ ಮಾಡುತ್ತಾರೆ. ತೊಂಬತ್ತರ ದಶಕದ ಮ್ಯಾಕ್ಲಾರೆನ್ ಎಫ್1 ರಸ್ತೆ ಕಾರಿನ ಚೌಕಟ್ಟಿಗೆ 3,000 ಗಂಟೆ ಕೈಕೆಲಸ ಬೇಕಿತ್ತು. ಮಾನೊಸೆಲ್‌ಗೆ 4 ಗಂಟೆ ಸಾಕಾಯಿತು.

ಈ ತೊಟ್ಟಿಯನ್ನು ಹೊಸ್ತಿಲಿನ ಹತ್ತಿರ ಅಡ್ಡ ಕತ್ತರಿಸಿದರೆ ಕಾಣುವುದೇನು? ಮುಚ್ಚಿದ ಪೆಟ್ಟಿಗೆ. ನಿಮ್ಮ ಕೈಯಲ್ಲಿರುವ ಸೀಳದ ಕೊಳವೆಯೇ, ಎಡಕ್ಕೊಂದು ಬಲಕ್ಕೊಂದು. ಮುಂದಿನ ಅಡ್ಡಗೋಡೆ, ಸೀಟಿನ ಹಿಂದಿನ ಅಡ್ಡಗೋಡೆ ಅವನ್ನು ಹಿಡಿದು ಕಟ್ಟುತ್ತವೆ. ಭಾರದ ದಾರಿ ಸೊಂಟದಿಂದ ಕೆಳಗೇ ಮುಗಿಯುತ್ತದೆ. 720ಎಸ್ ಕೂಪೆಯ ಮಾನೊಕೇಜ್ 2ರಲ್ಲಿ ತಲೆಯ ಮೇಲೂ ಕಾರ್ಬನ್ ಚೌಕಟ್ಟಿದೆ. ಸ್ಪೈಡರಿನ ಮಾನೊಕೇಜ್ 2-ಎಸ್‌ನಲ್ಲಿ ಮುಂದಿನಿಂದ ಹಿಂದಕ್ಕೆ ಹಾಯುವ ನಡುವಿನ ಬೆನ್ನೆಲುಬಿಲ್ಲ. ಅದರ ಬದಲು ಸೀಟುಗಳ ಹಿಂದೆ ಉರುಳು-ರಕ್ಷಣೆಯ ಸ್ಥಿರ ಕಾರ್ಬನ್ ಕಂಬಗಳಿವೆ. ಹಿಂದಿನ 650ಎಸ್ ಸ್ಪೈಡರಿನ ಉಕ್ಕಿನ ಕಂಬಗಳಿಗಿಂತ ಇವು 6.8 ಕೆ.ಜಿ. ಹಗುರ. ನೆಲಕ್ಕೆ ಪಟ್ಟಿ ಹಾಕಿಲ್ಲ, ಹೊಸ್ತಿಲು ಉಬ್ಬಿಲ್ಲ. ಹೆಚ್ಚಿಗೆ ಬಂದ 49 ಕೆ.ಜಿ. ಎಂದರೆ ಛಾವಣಿಯ ಮೋಟಾರು, ತೋಳು, ಬೀಗ, ಹಿಂಬದಿಯ ಮುಚ್ಚಳ, ಗಾಜು. ಬಿಗಿತನ ಮರಳಿ ತರಲು ತುಂಬಿದ ಲೋಹ ಅದರಲ್ಲಿಲ್ಲ.

ಬಿಗಿತನಕ್ಕೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಯಾಕೆ? ಎರಡು ಸ್ಪ್ರಿಂಗುಗಳನ್ನು ಒಂದರ ತುದಿಗೆ ಇನ್ನೊಂದನ್ನು ಕಟ್ಟಿ ಎಳೆಯಿರಿ. ಮೆತ್ತಗಿರುವುದೇ ಹೆಚ್ಚು ಹಿಗ್ಗುತ್ತದೆ. ಕಾರಿನ ಒಡಲು ಮೆತ್ತಗಿದ್ದರೆ ಅದು ನಾಲ್ಕು ಸ್ಪ್ರಿಂಗುಗಳ ಜೊತೆಗೆ ಐದನೆಯದಾಗುತ್ತದೆ, ಆ ಐದನೆಯದಕ್ಕೆ ಕುಣಿತ ಅಡಗಿಸುವ ಡ್ಯಾಂಪರ್ ಇಲ್ಲ. ಚಕ್ರ ತನ್ನಷ್ಟಕ್ಕೆ ಕುಪ್ಪಳಿಸುವ ಲಯ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15 ಸಲ. ಒಡಲಿನ ತಿರುಚುವ ಲಯ ಇಳಿದಿಳಿದು ಅದರ ಹತ್ತಿರ ಬಂದರೆ ಎರಡೂ ಒಂದಕ್ಕೊಂದು ತಾಳ ಹಾಕುತ್ತವೆ. ನಡುಗನ್ನಡಿ ಅದುರುತ್ತದೆ, ಸ್ಟೀರಿಂಗ್ ಕಂಬ ನಡುಗುತ್ತದೆ, ಗಾಳಿಗಾಜಿನ ಚೌಕಟ್ಟು ಕಣ್ಣೆದುರೇ ಓಲಾಡುತ್ತದೆ. ಸ್ಕಟಲ್ ಶೇಕ್ ಎಂದು ಕರೆಯುವುದು ಇದನ್ನೇ. ಹಳೆಯ ಕನ್ವರ್ಟಿಬಲ್ ಕೊಳ್ಳುವವರು ಒರಟು ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಬಾಗಿಲ ಗಾಜಿನ ಅಂಚು ಮತ್ತು ಗಾಳಿಗಾಜಿನ ಕಂಬದ ನಡುವಿನ ಸಂದು ನೋಡಲಿ. ಸಂದು ಉಸಿರಾಡುತ್ತಿದ್ದರೆ ಒಡಲು ತಿರುಚುತ್ತಿದೆ ಎಂದೇ ಅರ್ಥ.

ಒಡಲು ಬಿಗಿಯಾಗಿದ್ದರೆ ಮಾತ್ರ 720ಎಸ್‌ನಂಥ ಸಸ್ಪೆನ್ಶನ್ ಕೆಲಸ ಮಾಡಲು ಸಾಧ್ಯ. ಇದರಲ್ಲಿ ಆ್ಯಂಟಿ-ರೋಲ್ ಬಾರ್, ಅಂದರೆ ಕಾರು ವಾಲದಂತೆ ಎಡಬಲ ಚಕ್ರಗಳನ್ನು ಜೋಡಿಸುವ ಸಲಾಕೆ, ಇಲ್ಲವೇ ಇಲ್ಲ. ನಾಲ್ಕೂ ಡ್ಯಾಂಪರುಗಳು ಹೈಡ್ರಾಲಿಕ್ ಕೊಳವೆಗಳಿಂದ ಒಂದಕ್ಕೊಂದು ಸೇರಿವೆ. ತಿರುವಿನಲ್ಲಿ ಹೊರಬದಿಯ ಡ್ಯಾಂಪರುಗಳು ಒತ್ತಿಕೊಳ್ಳಲು ಹೊರಟಾಗ ಎಣ್ಣೆಯ ಒತ್ತಡವೇ ವಾಲುವಿಕೆಯನ್ನು ತಡೆಯುತ್ತದೆ. ಒಂದೇ ಚಕ್ರ ಗುಂಡಿಗೆ ಇಳಿದಾಗ ಬಾರ್ ಇದ್ದಿದ್ದರೆ ಪಕ್ಕದ ಚಕ್ರವನ್ನೂ ಎಳೆಯುತ್ತಿತ್ತು, ಇಲ್ಲಿ ಎಳೆಯುವುದಿಲ್ಲ. 720ಎಸ್‌ಗೆ ಬರುವಾಗ ಇದಕ್ಕೆ ಇನ್ನೂ 12 ಸೆನ್ಸರ್ ಸೇರಿಸಿದರು: ಪ್ರತಿ ಚಕ್ರದ ಗುಂಭಕ್ಕೆ (ಹಬ್‌ಗೆ) ಒಂದು ವೇಗೋತ್ಕರ್ಷ ಮಾಪಕ, ಪ್ರತಿ ಡ್ಯಾಂಪರಿಗೆ ಎರಡು ಒತ್ತಡ ಮಾಪಕ. ನಿಯಂತ್ರಣದ ಗಣಿತ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೊತೆಗಿನ ಸಂಶೋಧನೆಯಿಂದ ಬಂದದ್ದು. ರಸ್ತೆ ಹೇಳುವುದನ್ನು ಚಕ್ರದ ಹತ್ತಿರವೇ ಅಳೆಯಬೇಕಾದರೆ ಒಡಲು ತನ್ನದೇ ನಡುಕ ಬೆರೆಸಬಾರದು. ಛಾವಣಿ ತೆಗೆದ ಮೇಲೂ ಅದೇ ಸಸ್ಪೆನ್ಶನ್ ಇಲ್ಲಿ ಉಳಿದಿರುವುದು ತೊಟ್ಟಿಯ ಬಿಗಿತನಕ್ಕೆ ಸಿಕ್ಕ ಒಳ್ಳೆಯ ಸಾಕ್ಷಿ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದು ಕೂಪೆಯದೇ. 93 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 73.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಎಂಟು ಸಿಲಿಂಡರ್. ಗಾತ್ರ ಲೆಕ್ಕ ಹಾಕಿದರೆ 3,994 ಸಿ.ಸಿ. ಎರಡು ಟರ್ಬೊ, ಚಪ್ಪಟೆ ಕ್ರ್ಯಾಂಕ್, 7,500 ಆರ್‌ಪಿಎಂನಲ್ಲಿ 720 ಪಿಎಸ್, 5,500ರಿಂದ 6,500ರ ನಡುವೆ 770 ನ್ಯೂಟನ್-ಮೀಟರ್. ಹೆಸರಿನಲ್ಲಿರುವ 720 ಈ ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಲೆಕ್ಕವೇ. ಎಣ್ಣೆ ತಳದ ಬಾಣಲಿಯಲ್ಲಿ ನಿಲ್ಲುವುದಿಲ್ಲ, ಬೇರೆ ತೊಟ್ಟಿಗೆ ಹೋಗುತ್ತದೆ: ಇದು ಡ್ರೈ ಸಂಪ್. ತಿರುವಿನಲ್ಲಿ ಪಕ್ಕದ ಬಲ 1 ಜಿ (ಗುರುತ್ವದಷ್ಟೇ) ಆದರೆ ಮಾಮೂಲಿ ಬಾಣಲಿಯಲ್ಲಿ ಎಣ್ಣೆಯ ಮಟ್ಟ 45 ಡಿಗ್ರಿ ವಾಲುತ್ತದೆ, ಹೀರುವ ಬಾಯಿಗೆ ಗಾಳಿ ಸಿಗುತ್ತದೆ, ಬೇರಿಂಗ್ ಸುಡುತ್ತದೆ. ಬಾಣಲಿ ಇಲ್ಲದಿರುವುದರಿಂದ ಎಂಜಿನ್ನನ್ನು ಇನ್ನಷ್ಟು ಕೆಳಗೆ ಕೂರಿಸಲೂ ಆಗುತ್ತದೆ. ಗೇರ್‌ಬಾಕ್ಸ್ ಏಳು ಗೇರಿನ ಡ್ಯುಯಲ್ ಕ್ಲಚ್, ಬಲವೆಲ್ಲ ಹಿಂಬದಿ ಚಕ್ರಗಳಿಗೆ.

ಈಗ ಅಂಕಿಗಳನ್ನು ಓದೋಣ. ಕೂಪೆ 0ಯಿಂದ 100ಕ್ಕೆ 2.9 ಸೆಕೆಂಡಿನಲ್ಲಿ ಏರುತ್ತದೆ. ಸ್ಪೈಡರ್ 49 ಕೆ.ಜಿ. ಹೆಚ್ಚು ಹೊತ್ತೂ 2.9 ಸೆಕೆಂಡೇ. 0ಯಿಂದ 200ಕ್ಕೆ ಕೂಪೆ 7.8, ಸ್ಪೈಡರ್ 7.9. ಮೊದಲ ನೂರರಲ್ಲಿ ಕಾಣದ ವ್ಯತ್ಯಾಸ ಎರಡನೆಯ ನೂರರಲ್ಲಿ ಯಾಕೆ ಕಂಡಿತು?

100 ಕಿ.ಮೀ. ಎಂದರೆ ಸೆಕೆಂಡಿಗೆ 27.8 ಮೀಟರ್. ಅದನ್ನು 2.9ರಿಂದ ಭಾಗಿಸಿದರೆ 9.6, ಅಂದರೆ ಸರಾಸರಿ 0.98 ಜಿ. ಹಿಂಬದಿ ಚಕ್ರಗಳ ಮೇಲೆ ನಿಂತಲ್ಲಿ ತೂಕದ ಶೇ. 58ರಷ್ಟು, ಗುರುತ್ವ ಕೇಂದ್ರದ ಎತ್ತರ 45 ಸೆಂ.ಮೀ. ಎಂದಿಟ್ಟುಕೊಳ್ಳಿ. ಚಕ್ರಾಂತರ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2.67 ಮೀಟರ್. 0.98 ಜಿ ವೇಗೋತ್ಕರ್ಷದಲ್ಲಿ ಇನ್ನೂ ಶೇ. 16ರಷ್ಟು ತೂಕ ಹಿಂದಕ್ಕೆ ಸರಿಯುತ್ತದೆ, ಒಟ್ಟು ಶೇ. 74. ಅಂದರೆ 305 ಮಿ.ಮೀ. ಅಗಲದ ಆ ಹಿಂಬದಿ ಟೈರುಗಳು ತಮ್ಮ ಮೇಲಿನ ಭಾರದ 1.3 ಪಟ್ಟು ಹಿಡಿತ ಕೊಡಬೇಕು. ಬಿಸಿಯಾದ ಒಳ್ಳೆಯ ಟೈರಿನ ಅಂಚು ಅಲ್ಲೇ ಇದೆ. ಇಲ್ಲಿ ಮಿತಿ ಟೈರಿನದು, ಎಂಜಿನ್ನಿನದಲ್ಲ. ತೂಕ ಹೆಚ್ಚಿದರೆ ಟೈರಿನ ಮೇಲಿನ ಒತ್ತಡವೂ ಹೆಚ್ಚಿ ಹಿಡಿತವೂ ಹೆಚ್ಚುವುದರಿಂದ 49 ಕೆ.ಜಿ. ಕಾಣೆಯಾಗುತ್ತದೆ. 100ರಿಂದ 200ರ ನಡುವೆ ಸರಾಸರಿ 0.57 ಜಿ ಮಾತ್ರ. ಅಲ್ಲಿ ಟೈರಿಗೆ ಬಿಡುವಿದೆ, ಮಿತಿ ಎಂಜಿನ್ನಿನದು. ಆದ್ದರಿಂದ ತೂಕ ಲೆಕ್ಕಕ್ಕೆ ಬರುತ್ತದೆ. ತಣ್ಣನೆಯ ಟೈರಿನಲ್ಲಿ ಯಾರಾದರೂ 2.9 ಸೆಕೆಂಡ್ ಹುಡುಕಿದರೆ ಸಿಗುವುದು ಟ್ರ್ಯಾಕ್ಷನ್ ದೀಪದ ಮಿಣುಕಾಟ ಮಾತ್ರ.

ಹಾಗಾದರೆ ಛಾವಣಿ ತೆಗೆದದ್ದಕ್ಕೆ ದಂಡ ಎಲ್ಲಿ ಕಟ್ಟುತ್ತೇವೆ? ಗಾಳಿಯಲ್ಲಿ. ಛಾವಣಿ ಮುಚ್ಚಿದಾಗ ಗರಿಷ್ಠ ವೇಗ 341 ಕಿ.ಮೀ., ತೆರೆದಾಗ 325. ಹದಿನಾರು ಕಿಲೋಮೀಟರೇ ತಾನೆ ಎನ್ನಬೇಡಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಎರಡೂ ಸಂದರ್ಭದಲ್ಲಿ ಎಂಜಿನ್ನಿನ ಪೂರ್ಣ ಶಕ್ತಿಯೇ ಮಿತಿ ಎಂದುಕೊಂಡರೆ, 341ನ್ನು 325ರಿಂದ ಭಾಗಿಸಿ ಘನ ಮಾಡಿ: 1.155. ಒರಟು ಲೆಕ್ಕವಾದರೂ, ತೆರೆದ ಛಾವಣಿ ಗಾಳಿಯ ತಡೆಯನ್ನು ಶೇ. 15ರಷ್ಟು ಹೆಚ್ಚಿಸಿದಂತಾಯಿತು.

ಕಾರಣ ಗಾಳಿಗಾಜಿನ ಮೇಲಂಚು. ಅಲ್ಲಿಯವರೆಗೆ ಗಾಜಿಗೆ ಅಂಟಿ ಬಂದ ಗಾಳಿ, ಅಂಚು ದಾಟಿದೊಡನೆ ಹಿಡಿದುಕೊಳ್ಳಲು ಏನೂ ಇಲ್ಲದೆ ಬಿಟ್ಟುಹೋಗುತ್ತದೆ. ತಲೆಯ ಮೇಲೆ ಹಾರಿ ಹಿಂದಿನ ಮುಚ್ಚಳದ ಮೇಲೆ ಬಿದ್ದು, ಅದರಲ್ಲೊಂದು ಪಾಲು ತಿರುಗಿ ಸೀಟುಗಳ ನಡುವಿನಿಂದ ಮುಂದಕ್ಕೆ ನುಗ್ಗುತ್ತದೆ. ತೆರೆದ ಕಾರಿನಲ್ಲಿ ಕೂದಲು ಹಿಂದಕ್ಕಲ್ಲ, ಮುಖದ ಮೇಲೆ ಹಾರುವುದು ಇದಕ್ಕೇ. ಸೀಟುಗಳ ಹಿಂದಿರುವ ಚಿಕ್ಕ ವಿದ್ಯುತ್ ಗಾಜನ್ನು ಮೇಲೇರಿಸಿದರೆ ಆ ಹಿಮ್ಮುಖ ಗಾಳಿಗೆ ಅಣೆಕಟ್ಟು ಬೀಳುತ್ತದೆ. ಛಾವಣಿ ಮುಚ್ಚಿದಾಗ ಅದೇ ಗಾಜು ಇಳಿಸಿ ಎಂಜಿನ್ ಸದ್ದನ್ನು ಒಳಕ್ಕೆ ಬಿಟ್ಟುಕೊಳ್ಳಬಹುದು. ಎರಡೂ ಬದಿಯಿಂದ ಹಿಂದಕ್ಕೆ ಇಳಿಯುವ ಆಸರೆ ಕಮಾನುಗಳು ಗಾಳಿಯನ್ನು ನೇರ ಮಾಡಿ ಹಿಂಬದಿಯ ರೆಕ್ಕೆಗೆ ಒಪ್ಪಿಸುತ್ತವೆ. ಅವು ಗಾಜಿನವಾದ್ದರಿಂದ ಭುಜದ ಹಿಂದಿನ ಕುರುಡು ಮೂಲೆಯೂ ಕಡಿಮೆ. ಛಾವಣಿ ತೆರೆದಾಗ ರೆಕ್ಕೆಗೆ ಬರುವ ಗಾಳಿ ಕಲಕಿರುತ್ತದೆ, ಹಾಗಾಗಿ ರೆಕ್ಕೆಯ ಚಲನೆಯ ಲೆಕ್ಕವನ್ನೇ ಬೇರೆಯಾಗಿ ಹೊಂದಿಸಿದ್ದಾರೆ. ಈ ಕೆಲಸ ಮಾಡದೆ ಬಿಟ್ಟಿದ್ದರೆ ವೇಗದಲ್ಲಿ ಹಿಂಬದಿ ಹಗುರವಾಗಿ, ಬ್ರೇಕ್ ಹಾಕಿದಾಗ ಬಾಲ ಅಲ್ಲಾಡುತ್ತಿತ್ತು.

ಛಾವಣಿಯನ್ನು ಅಸಡ್ಡೆಯಿಂದ ಕಂಡವರೂ ಇದ್ದರು. 2004ರ ಲ್ಯಾಂಬೊರ್ಗಿನಿ ಮುರ್ಸಿಯೆಲಾಗೊ ರೋಡ್‌ಸ್ಟರಿನ ಬಟ್ಟೆ ಛಾವಣಿ ಹಾಕಿಕೊಂಡು 160 ಕಿ.ಮೀ. ದಾಟಬಾರದಿತ್ತು. ಬುಗಾಟಿ ವೇರಾನ್ ಗ್ರ್ಯಾಂಡ್ ಸ್ಪೋರ್ಟಿಗೆ ಮಳೆ ಬಂದರೆಂದು ಕೊಡೆಯಂತೆ ಬಿಡಿಸುವ ಛಾವಣಿ ಕೊಟ್ಟಿದ್ದರು. ಸಾವಿರ ಅಶ್ವಶಕ್ತಿಯ ಕಾರಿಗೆ ಕೊಡೆ! ಅದೇ ಬುಗಾಟಿಯ ಡಬ್ಲ್ಯೂ16 ಮಿಸ್ತ್ರಾಲ್ 2024ರ ನವೆಂಬರಿನಲ್ಲಿ ಜರ್ಮನಿಯ ಪಾಪೆನ್‌ಬರ್ಗ್ ಪಥದಲ್ಲಿ 453.91 ಕಿ.ಮೀ. ಮುಟ್ಟಿತು, ತೆರೆದ ಕಾರಾಗಿಯೇ. ಫೆರಾರಿ 2011ರಲ್ಲಿ 458 ಸ್ಪೈಡರಿಗೆ ಎರಡು ತುಂಡಿನ ಅಲ್ಯೂಮಿನಿಯಂ ಛಾವಣಿ ಕೊಟ್ಟು, 14 ಸೆಕೆಂಡಿನಲ್ಲಿ ಎಂಜಿನ್ ಮುಂದೆ ಮಡಚಿಡುವಂತೆ ಮಾಡಿದ್ದು ಈ ಜಾತಿಯ ಕಾರುಗಳಿಗೆ ದೊಡ್ಡ ತಿರುವು.

720ಎಸ್ ಸ್ಪೈಡರಿನ ಛಾವಣಿ ಒಂದೇ ತುಂಡಿನ ಕಾರ್ಬನ್ ಹಲಗೆ. ಹೈಡ್ರಾಲಿಕ್ ಪಂಪು, ಎಣ್ಣೆ ಕೊಳವೆ ಇಲ್ಲ. ಎಲ್ಲ ವಿದ್ಯುತ್ ಮೋಟಾರು. 650ಎಸ್‌ನಲ್ಲಿ 17 ಸೆಕೆಂಡು ಹಿಡಿಯುತ್ತಿದ್ದ ಕೆಲಸ ಇಲ್ಲಿ 11 ಸೆಕೆಂಡು. ಕಾರು 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೂ ತೆರೆಯುತ್ತದೆ, ಮುಚ್ಚುತ್ತದೆ. ಐವತ್ತಕ್ಕೇ ಯಾಕೆ ಮಿತಿ? ಅರ್ಧ ದಾರಿಯಲ್ಲಿ ಹಲಗೆ ಎದ್ದು ನಿಂತಾಗ ಅದು ಹಾಯಿಪಟ. ಒಂದು ಚದರ ಮೀಟರ್ ವಿಸ್ತೀರ್ಣ ಎಂದುಕೊಂಡರೆ 50 ಕಿ.ಮೀ. ವೇಗದಲ್ಲಿ ಅದರ ಮೇಲೆ ಸುಮಾರು 14 ಕೆ.ಜಿ. ಭಾರದಷ್ಟು ಗಾಳಿಯ ಒತ್ತಡ. ಎದುರು ಗಾಳಿ 30 ಕಿ.ಮೀ. ಇದ್ದರೆ ಲೆಕ್ಕ 80 ಕಿ.ಮೀ.ಗೆ ಏರಿ 36 ಕೆ.ಜಿ. ಆಗುತ್ತದೆ. ಮೋಟಾರಿನ ಗೇರ್ ಹಲ್ಲು, ತೋಳಿನ ಕೀಲು ಅಷ್ಟನ್ನು ತಡೆಯಬೇಕು. ವೇಗಮಾಪಕಕ್ಕೆ ಗಾಳಿ ಎತ್ತ ಬೀಸುತ್ತಿದೆ ಎಂದು ಗೊತ್ತಿಲ್ಲ. ಆದ್ದರಿಂದ ಬಿರುಗಾಳಿಯ ದಿನ ನಿಂತೇ ಮಾಡುವುದು ಲೇಸು.

ಮಡಚುವ ಛಾವಣಿಗಳು ಕೈಕೊಡುವುದು ಹೆಚ್ಚಾಗಿ ಸಣ್ಣ ಕಾರಣಗಳಿಗೆ. ಮೊದಲನೆಯದು ಬ್ಯಾಟರಿ. ಮೋಟಾರುಗಳು ಒಮ್ಮೆಗೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದರೆ ನಿಯಂತ್ರಣ ಪೆಟ್ಟಿಗೆ ಅರ್ಧದಲ್ಲೇ ನಿಲ್ಲಿಸುತ್ತದೆ. ವಾರಗಟ್ಟಲೆ ನಿಂತ ಕಾರಿನಲ್ಲಿ ಛಾವಣಿ ಪ್ರಯತ್ನಿಸುವ ಮುನ್ನ ಎಂಜಿನ್ ಚಾಲೂ ಮಾಡಿ. ನಿಲ್ಲಿಸುವಾಗ ಬ್ಯಾಟರಿ ಕಾಯುವ ಚಾರ್ಜರ್ ಹಾಕಿಡಿ; ಆದರೆ ಬ್ಯಾಟರಿ ಸೀಸದ್ದೋ ಲಿಥಿಯಂನದೋ ನೋಡಿ ಅದಕ್ಕೆ ತಕ್ಕದ್ದನ್ನೇ ಹಾಕಿ. ಎರಡನೆಯದು ಸ್ಥಾನ ತಿಳಿಸುವ ಸೆನ್ಸರ್. ಬೀಗ ಬಿದ್ದಿದೆ, ಮುಚ್ಚಳ ಎದ್ದಿದೆ ಎಂದು ಒಂದೊಂದೂ ಸರದಿಯಲ್ಲಿ ವರದಿ ಕೊಟ್ಟರೆ ಮಾತ್ರ ಮುಂದಿನ ಹೆಜ್ಜೆ. ಮುಚ್ಚಳದ ಕೆಳಗೆ ಛಾವಣಿ ಕೂರುವ ಜಾಗದಲ್ಲಿ, ಛಾವಣಿ ಮುಚ್ಚಿದಾಗ, 58 ಲೀಟರ್ ಸಾಮಾನು ಹಿಡಿಯುತ್ತದೆ. ಅಲ್ಲೊಂದು ಕೊಡೆ ಮರೆತಿಟ್ಟು ಗುಂಡಿ ಒತ್ತಿದರೆ ಆಗುವ ಖರ್ಚನ್ನು ನೀವೇ ಊಹಿಸಿ. ಮೂರನೆಯದು ಚೌಕಟ್ಟಿಲ್ಲದ ಬಾಗಿಲ ಗಾಜು. ಬಾಗಿಲು ತೆಗೆಯುವಾಗ ಅದು ಕೆಲವು ಮಿಲಿಮೀಟರ್ ಇಳಿದು, ಮುಚ್ಚಿದ ಮೇಲೆ ಏರಿ ರಬ್ಬರಿಗೆ ಒತ್ತಬೇಕು. ಬ್ಯಾಟರಿ ಕಳಚಿದರೆ ಇಂಥ ಗಾಜುಗಳು ತಮ್ಮ ತುದಿ ಮರೆಯುತ್ತವೆ. ಮತ್ತೆ ಕಲಿಸದೆ ಬಾಗಿಲು ಬಡಿದರೆ ರಬ್ಬರ್ ಹರಿಯುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳಿಗೆ ಬರೋಣ. "ಬೆಂಗಳೂರಿನ ಹಂಪ್ ದಾಟುತ್ತದಾ?" ಇದು ಬರುತ್ತದೆಂದು ಗೊತ್ತಿತ್ತು, ಚೀಟಿಯಲ್ಲಿ ಲೆಕ್ಕವೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ದುಂಡು ಹಂಪ್ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ವೃತ್ತದ ತುಣುಕು. ಕಾರು ಅದರ ನೆತ್ತಿಯ ಮೇಲೆ ಸರಿಯಾಗಿ ನಿಂತಾಗ ಚಕ್ರಗಳು ನೆತ್ತಿಯಿಂದ ಎರಡೂ ಕಡೆ 1.335 ಮೀಟರ್ ದೂರ. ಆ ಜಾಗ ನೆತ್ತಿಗಿಂತ 5.2 ಸೆಂ.ಮೀ. ತಗ್ಗು. ಹೊಟ್ಟೆಯ ಕೆಳಗೆ ಸುಮಾರು 11 ಸೆಂ.ಮೀ. ಇದ್ದರೆ ಅರ್ಧಕ್ಕಿಂತ ಹೆಚ್ಚೇ ಉಳಿಯಿತು. ಹೊಟ್ಟೆ ಪಾರು. ಮೂತಿಯದೇ ಚಿಂತೆ: ಹಂಪ್ ಶುರುವಾಗುವಲ್ಲಿ ಏರು 6 ಡಿಗ್ರಿಗಿಂತ ತುಸು ಹೆಚ್ಚು, ಚಕ್ರಕ್ಕಿಂತ ಒಂದು ಮೀಟರ್ ಮುಂದೆ ಚಾಚಿದ ತುಟಿಗೆ ಅದು ಅಂಚಿನ ಮಾತು. ಮೂತಿ ಎತ್ತುವ ವ್ಯವಸ್ಥೆ ಇರುವುದು ಇದಕ್ಕೆ. ಹಂಪ್ ಮುಟ್ಟುವ ಮೊದಲೇ ಎತ್ತಿರಬೇಕು. ಆದರೆ ಇದೆಲ್ಲ ನಿಯಮದ ಹಂಪಿಗೆ. ರಾತ್ರೋರಾತ್ರಿ ಡಾಂಬರು ಸುರಿದು ಒಂದು ಮೀಟರಿನಲ್ಲಿ 15 ಸೆಂ.ಮೀ. ಎಬ್ಬಿಸಿದ ದಿಬ್ಬಕ್ಕೆ ಯಾವ ಸೂತ್ರವೂ ಇಲ್ಲ. ಅಲ್ಲಿ ಓರೆಯಾಗಿ ಒಂದೊಂದೇ ಚಕ್ರ ಹತ್ತಿಸುವುದು ಎಲ್ಲರಿಗೂ ಗೊತ್ತು. ಅದು ಒಡಲನ್ನು ತಿರುಚುವ ಕೆಲಸ, ಅಂದರೆ ನಿಮ್ಮ ಕೈಯ ಕೊಳವೆಗೆ ಮಾಡಿದ್ದೇ. ಈ ಕಾರಿನ ತೊಟ್ಟಿ ತಾಳುತ್ತದೆ. ಸೀಳಿದ ಕೊಳವೆಯಂಥ ಹಳೆಯ ಕನ್ವರ್ಟಿಬಲ್‌ನಲ್ಲಿ ಹಾಗೆ ನಿಂತು ಬಾಗಿಲು ತೆರೆಯಲು ಹೋಗಬೇಡಿ, ಮತ್ತೆ ಮುಚ್ಚಲು ಕಷ್ಟವಾಗಬಹುದು.

ಇನ್ನೊಬ್ಬರು ಮಳೆಗಾಲ ಕೇಳಿದ್ದಾರೆ. ಛಾವಣಿಯ ರಬ್ಬರ್ ಸೋರದಿರುವುದಷ್ಟೇ ಸಾಲದು. ಒಂದಿಷ್ಟು ನೀರು ಒಳಬಂದೇ ಬರುತ್ತದೆ ಎಂದು ಒಪ್ಪಿಕೊಂಡೇ ಅಂಚಿನಲ್ಲಿ ಕಾಲುವೆ, ಕಾಲುವೆಯಿಂದ ಕೆಳಗಿಳಿಯುವ ಕೊಳವೆ ಇಟ್ಟಿರುತ್ತಾರೆ. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಗುಲ್‌ಮೊಹರ್ ಎಸಳು, ಹೊಂಗೆ ಹೂವು ಸೇರಿ ಕೊಳವೆ ಕಟ್ಟಿಕೊಳ್ಳುತ್ತದೆ. ನೀರು ಉಕ್ಕಿ ಸೀಟಿನ ಕೆಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಹೋಗುತ್ತದೆ. ಮಳೆಗೆ ಮುಂಚೆ ಪ್ರತಿ ಕಾಲುವೆಗೂ ಲೋಟದಿಂದ 200 ಮಿ.ಲೀ. ನೀರು ನಿಧಾನಕ್ಕೆ ಹೊಯ್ದು, ಕಾರಿನ ಕೆಳಗೆ ಅದು ಬೀಳುತ್ತದೆಯೇ ನೋಡಿ. ಬೀಳದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಒಳಗಿನ ಜೋಡಣೆ ಕಳಚಿಕೊಂಡರೆ ನೀರು ಗೋಡೆಯೊಳಗೇ ಸುರಿಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ರಬ್ಬರನ್ನು ಬರೀ ನೀರಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಗ್ರೀಸಿನ ತೆಳು ಲೇಪ ಕೊಡಿ. ವ್ಯಾಸಲೀನ್ ಬೇಡ, ಪೆಟ್ರೋಲಿಯಂ ಎಣ್ಣೆ ಈ ಬಗೆಯ ರಬ್ಬರನ್ನು ಊದಿಸುತ್ತದೆ. ಊದಿದ ರಬ್ಬರ್ ಗಾಜಿಗೆ ಅಂಟಿ, ಮುಂದಿನ ಸಲ ಗಾಜು ಇಳಿಯುವಾಗ ಕಿತ್ತು ಬರುತ್ತದೆ.

ಕೊಳವೆಗಳು ಕೊನೆಯ ಸಾಲು ಮುಟ್ಟಿದವೇ? ಸೀಳಿದ್ದಕ್ಕೆ ಉದ್ದಕ್ಕೂ ಒಂದು ಸೆಲ್ಲೊಟೇಪ್ ಹಚ್ಚಿ ಇನ್ನೊಮ್ಮೆ ತಿರುಚಿ ನೋಡಿ.